ಬಾಣಂತಿ ಹಂಡೆಯ ಬಿಯರು

ನವೆಂಬರ್ 2, 2025, ಭಾನುವಾರ

ಮನೋಹರ್ ಎಂಬ ಹೆಸರಿನ, ಚನ್ನಪಟ್ಟಣದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವ, ರಾಮನಗರದ ಬಾಡಿಗೆ ಮನೆಯಲ್ಲಿ ವಾಸವಾಗಿರುವ ನಾನು, ಯಾರ ಬಲವಂತವೂ ಇಲ್ಲದೆ, ಸ್ವಸ್ಥಚಿತ್ತದಿಂದ ಒಪ್ಪಿಕೊಳ್ಳುವುದೇನೆಂದರೆ: ಈ ದಿನ ಬೆಳಗ್ಗೆ ಅತ್ತೆ ಕಾವೇರಮ್ಮನವರು ಸೊಪ್ಪು ತರಲು ಹೋಗಿದ್ದ ಸಮಯ ಸಾಧಿಸಿ, ಹಿತ್ತಿಲ ಒಲೆಯ ಮೇಲಿದ್ದ ಅವರ ತಾಮ್ರದ ಹಂಡೆಯನ್ನು ಅಪಹರಿಸಿದ್ದೇನೆ. ಹಂಡೆ ಪ್ರತಿಭಟಿಸಲಿಲ್ಲ. ಗೇಟಿಗೆ ತಗುಲಿದಾಗ ಒಮ್ಮೆ ಢಣ್ ಎಂದಿತು, ಅಷ್ಟೆ. ಸದ್ಯಕ್ಕೆ ಅದು ಹಿಂದಿನ ಬೀದಿಯಲ್ಲಿ, ಮತೀನನ ರೇಷ್ಮೆ ನೂಲು ತೆಗೆಯುವ ಶೆಡ್ಡಿನಲ್ಲಿ ಭೂಗತವಾಗಿದೆ.

ಅದು ಬಾಣಂತಿಯ ಹಂಡೆ. ನನ್ನ ಹೆಂಡತಿ ರಮ್ಯಾಳ ಬಾಣಂತನ ಕಲ್ಯ ಎಂಬ ಹಳ್ಳಿಯ ತವರಿನಲ್ಲೇ ಆಗಬೇಕಿತ್ತು. ಅಲ್ಲಿ ಹೆಂಚು ಇಳಿಸಿ ಮಾಳಿಗೆ ಹಾಕಿಸುತ್ತಿರುವುದರಿಂದ ಅತ್ತೆಯೇ ಒಂದು ಮೂಟೆ ರಾಗಿ, ಒಂದು ಹಂಡೆ ಸಮೇತ ಇಲ್ಲಿಗೆ ಬಂದಿಳಿದರು. ನಮ್ಮ ಬಚ್ಚಲಲ್ಲಿ ಗೀಸರ್ ಇದೆ. ಆದರೆ ಅತ್ತೆಯ ಪ್ರಕಾರ ಗೀಸರ್ ನೀರು ಬಾಣಂತಿಯ ಮೈಗೆ ಹತ್ತುವುದಿಲ್ಲ. ಆದ್ದರಿಂದ ಹಿತ್ತಿಲಲ್ಲಿ ಇಟ್ಟಿಗೆ ಒಲೆ, ತೆಂಗಿನ ಮಟ್ಟೆ, ಹೊಗೆ, ಹಂಡೆ.

ಅಪರಾಧದ ಉದ್ದೇಶ: ಬಿಯರು. ರಮ್ಯಾಳ ತಮ್ಮ ದೀಪು ಬಿಡದಿಯ ಕಾರ್ಖಾನೆಯೊಂದರಲ್ಲಿದ್ದಾನೆ. ಅವರ ಕಡೆಯ ಯಾವ ಬಾಡೂಟಕ್ಕೆ ಹೋದರೂ ಗಂಡಸರೆಲ್ಲ ಶಾಮಿಯಾನದ ಹಿಂದೆ ಬಾಟಲಿ ಹಿಡಿದು ಕೂರುತ್ತಾರೆ, ನನ್ನ ಕೈಗೆ ಮಾತ್ರ ನಿಂಬೆ ಸೋಡಾ. "ಬಾವ ಮೇಷ್ಟ್ರು, ಅವ್ರಿಗೆ ಬ್ಯಾಡ ಬುಡ್ಲಾ" ಎನ್ನುತ್ತಾನೆ ದೀಪು. ಹೋದ ತಿಂಗಳು ಮಗು ನೋಡಲು ಬಂದಾಗ ತಡೆಯಲಾರದೆ ಅಂದುಬಿಟ್ಟೆ: ತೊಟ್ಟಿಲ ಶಾಸ್ತ್ರಕ್ಕೆ ಬಾ, ಪುಡಿ ಪಾಕೀಟಿನದಲ್ಲ, ಕಾಳಿನಿಂದಲೇ ಇಳಿಸಿದ ಬಿಯರು ನನ್ನ ಕೈಯಾರೆ ಮಾಡಿ ಕುಡಿಸುತ್ತೇನೆ. ಅವನು ಬಿದ್ದು ಬಿದ್ದು ನಕ್ಕ. "ಬಾವ, ನೀವು ಕಾಫೀನೇ ಕೆಡುಸ್ತೀರಲ್ಲ!"

ನೋಡೋಣ. ಹಂಡೆಯ ಕೊನೆಯಲ್ಲಿರುವ ಎತ್ವವನ್ನು ಮೊದಲಿಗೆ ತಂದರೆ ಹೆಂಡವಾಗುತ್ತದೆ. ವ್ಯಾಕರಣದಲ್ಲಿ ಇಷ್ಟು ಸುಲಭವಾದದ್ದು ರಸಾಯನದಲ್ಲಿ ಎಷ್ಟು ಕಷ್ಟವಿದ್ದೀತು?

ನವೆಂಬರ್ 3, ಸೋಮವಾರ

"ಅಳಿಯಂದ್ರೇ, ಹಂಡೆ ಎಲ್ಲೋಯ್ತು?"

ಸುಳ್ಳನ್ನು ನಿನ್ನೆಯೇ ತಿದ್ದಿ ತೀಡಿ ಇಟ್ಟಿದ್ದೆ. "ತಳದಲ್ಲಿ ಸೋರ್ತಿತ್ತು ಅತ್ತೆ. ಬೆಸುಗೆ ಹಾಕ್ಸೋಕೆ ಕೊಟ್ಟಿದೀನಿ. ಒಂದು ವಾರ ಅಂದ್ರು."

ಅತ್ತೆ ಒಲೆಯ ಮುಂದೆ ಕೂತವರು ಏಳಲಿಲ್ಲ. "ಸೋರ್ತಿತ್ತಾ? ನಮ್ಮವ್ವ ಕೊಟ್ಟ ಹಂಡೆ ಕಣಪ್ಪಾ. ನನ್ನ ಬಾಣ್ತನ, ನಮ್ಮಕ್ಕನ ಬಾಣ್ತನ, ಎಲ್ಲಾ ಕಂಡೈತೆ. ಯಾವತ್ತೂ ಒಂದ್ ತೊಟ್ಟು ಸೋರಿದ್ದಿಲ್ಲ."

ಗೀಸರ್ ಇದೆಯಲ್ಲ ಅತ್ತೆ ಅಂದೆ. ಅವರು ನನ್ನನ್ನು ಗೀಸರಿನಂತೆಯೇ ನೋಡಿದರು: ಗೋಡೆಗೆ ನೇತುಹಾಕಿದ, ಬೆಲೆಬಾಳುವ, ಉಪಯೋಗವಿಲ್ಲದ ವಸ್ತು.

ಮಗು ಹಗಲೆಲ್ಲ ಅಳುತ್ತದೆ. ಅದಕ್ಕೆ ಏನು ಬೇಕೋ ಅದಕ್ಕೂ ಗೊತ್ತಿಲ್ಲ.

ನವೆಂಬರ್ 6, ಗುರುವಾರ

ಬೆಂಗಳೂರಿನಿಂದ ಮೊಳಕೆ ಬಾರ್ಲಿ, ಯೀಸ್ಟು, ಬಿಯರಿಗೆ ಕಹಿ ಕೊಡುವ ಹೂವಿನ ಪೊಟ್ಟಣ ಕೊರಿಯರಿನಲ್ಲಿ ಬಂದವು. ನಮ್ಮ ನೆಲದ ಸೊಗಡು ಇರಲೆಂದು ಅತ್ತೆ ಬಾಣಂತಿ ಗಂಜಿಗೆ ಮೊಳಕೆ ಕಟ್ಟಿ ಒಣಗಿಸಿಟ್ಟಿದ್ದ ರಾಗಿಯಲ್ಲೂ ಒಂದು ಪಾಲು ಎತ್ತಿದೆ. ಅಪರಾಧದ ದಾರಿಯಲ್ಲಿ ಎರಡನೆಯ ಹೆಜ್ಜೆ ಮೊದಲನೆಯದಕ್ಕಿಂತ ಹಗುರ.

ಬಿಯರು ಮಾಡುವ ವಿಡಿಯೋಗಳಲ್ಲಿ ಬಿಳಿಯ ಗಡ್ಡದವನೊಬ್ಬ ಮತ್ತೆ ಮತ್ತೆ ಹೇಳುತ್ತಾನೆ: ಕಾಳು ಒಡೆಯಬೇಕು, ಹಿಟ್ಟಾಗಬಾರದು. ಹಿಟ್ಟಿನ ಗಿರಣಿಗೆ ಹೋದೆ. ನನ್ನ ಹಿಂದೆ ಕಾಲೇಜಿನ ಇಬ್ಬರು ಹುಡುಗಿಯರ ತಾಯಂದಿರು ಡಬ್ಬಿ ಹಿಡಿದು ನಿಂತಿದ್ದರು. ಗಿರಣಿಯವನು ಚೀಲ ಸುರಿದು, "ಮುದ್ದೆಗೆ ತಾನೆ ಸಾರ್?" ಅಂದ. ಬಿಯರಿಗೆ ಎಂದು ಹೇಳುವುದು ಹೇಗೆ? ತಲೆಯಾಡಿಸಿದೆ.

"ಹಂಗಾದ್ರೆ ನುಣ್ಣಗೆ ಬೀಸ್ಕೊಡ್ತೀನಿ ಬುಡಿ. ಒಂದ್ ಗಂಟೂ ಬರಾಕಿಲ್ಲ."

ನುಣ್ಣಗೆ ಬೀಸಿಕೊಟ್ಟ. ಬಾರ್ಲಿಯನ್ನೂ ಸೇರಿಸಿ.

ನವೆಂಬರ್ 9, ಭಾನುವಾರ

ಆದ ಕ್ರಮದಲ್ಲೇ ಬರೆಯುತ್ತೇನೆ.

ಕೆಲಸ ಹೀಗೆ. ಒಡೆದ ಕಾಳನ್ನು ಹದವಾದ ಬಿಸಿನೀರಲ್ಲಿ ಒಂದು ಗಂಟೆ ನೆನೆಸಿದರೆ ಒಳಗಿನ ಹಿಟ್ಟು ಸಿಹಿಯಾಗುತ್ತದೆ. ಆಮೇಲೆ ಮೇಲಿಂದ ಬಿಸಿನೀರನ್ನು ನಿಧಾನವಾಗಿ ಸುರಿಯುತ್ತ, ಕಾಳಿನ ನಡುವೆ ಉಳಿದ ಸಿಹಿಯನ್ನೆಲ್ಲ ತೊಳೆದು ಕೆಳಕ್ಕೆ ಇಳಿಸಿಕೊಳ್ಳಬೇಕು. ಬಿಳಿಯ ಗಡ್ಡದವನು ಇದಕ್ಕೆ ಏನೋ ಇಂಗ್ಲಿಷ್ ಹೆಸರು ಹೇಳುತ್ತಾನೆ. ನಾನು ಧಾನ್ಯಾಭಿಷೇಕ ಎಂದು ಕರೆದೆ. ಅವನ ಬಳಿ ನಲ್ಲಿಯಿರುವ ಸ್ಟೀಲಿನ ಪಾತ್ರೆ, ಪಂಪು, ಉಷ್ಣಮಾಪಕಗಳಿದ್ದವು. ನನ್ನ ಬಳಿ ಹಂಡೆ, ಕಾದ ಮೊಳೆಯಿಂದ ತಳದಲ್ಲಿ ತೂತು ಹೊಡೆದ ಪ್ಲಾಸ್ಟಿಕ್ ಬಕೆಟ್ಟು, ಅದರೊಳಗೆ ಹಾಸಲು ನನ್ನ ಮದುವೆಯ ಪಂಚೆ, ಮತ್ತು ಮಗುವಿನ ಜ್ವರ ನೋಡುವ ಥರ್ಮಾಮೀಟರು ಇದ್ದವು. ಜ್ವರದ ಥರ್ಮಾಮೀಟರು ಬಿಸಿನೀರಿಗೆ ಇಳಿದದ್ದೇ ಕೀ ಎಂದು ಕಿರುಚಿ ಕಣ್ಣು ಮುಚ್ಚಿತು. ಅಂದಾಜಿನಲ್ಲಿ ಹೋದೆ. ಮತೀನನ ಶೆಡ್ಡಿನ ಒಲೆ ರೇಷ್ಮೆಗೂಡು ಬೇಯಿಸುವ ಒಲೆ, ಹಂಡೆ ನೋಡನೋಡುತ್ತಲೇ ಕುದಿಯತೊಡಗಿತು. ಬಿಸಿ ಹೆಚ್ಚಾದಷ್ಟೂ ಕೆಲಸ ಬೇಗ ಎಂದುಕೊಂಡು ಹಾಗೇ ಸುರಿದೆ.

ಹನಿ ಇಳಿಯಲಿಲ್ಲ. ಇನ್ನಷ್ಟು ಸುರಿದೆ. ಬಕೆಟ್ಟಿನಲ್ಲಿ ಪುಸ್ ಪುಸ್ ಎಂದು ಗುಳ್ಳೆ ಎದ್ದು, ಇಡೀ ರಾಶಿ ಹೊಳೆಯುತ್ತ, ಮಿಸುಕಾಡುತ್ತ, ಗಟ್ಟಿಯಾಗತೊಡಗಿತು. ಕೋಲು ಹಾಕಿ ತಿರುವಿದೆ. ಕೋಲು ನಿಂತಿತು. ಕೋಲು ಬಿಟ್ಟೆ. ಆಗಲೂ ನಿಂತೇ ಇತ್ತು.

ಮತೀನ್ ಬಂದು ಇಣುಕಿದ. ಮಗುವಿಗೆ ಮಾಲ್ಟ್ ಮಾಡುತ್ತೇನೆಂದು ಅವನಿಗೆ ಹೇಳಿದ್ದೆ. "ಸಾರ್, ಮುದ್ದೆ ಏನೋ ಫಸ್ಟ್ ಕ್ಲಾಸಾಗಿ ಬಂದೈತೆ. ಸಾರು ಎಲ್ಲಿ?"

ನಾನು ಮೊಣಕೈವರೆಗೆ ಮುದ್ದೆಯಲ್ಲಿದ್ದೆ. ಕಿಟಕಿಯ ಮೇಲೆ ಫೋನು ಬೆಳಗಿತು. ರಮ್ಯಾ. ಕರಿಬೇವು ತರಲು ಹೇಳುತ್ತಾಳೆ ಎಂದುಕೊಂಡೆ. ನಿಂತಿತು. ಮತ್ತೆ ಬಡಿದುಕೊಂಡಿತು. ಮೊಣಕೈಯಿಂದ ಫೋನನ್ನು ಬೋರಲು ಹಾಕಿದೆ. ಹೌದು, ಬೋರಲು ಹಾಕಿದೆ.

ಸ್ವಲ್ಪ ಹೊತ್ತಿಗೆ ಮತೀನನ ಹೆಂಡತಿ ಫಿರೋಜಾ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ಉಸಿರು ಏರಿತ್ತು. "ಇಲ್ಲಿದೀರಾ ಮೇಷ್ಟ್ರೇ! ನಿಮ್ಮ ಅತ್ತೆಯವರ ಕಾಲ್ ಮೇಲೆ ಕುದಿಯೋ ನೀರು ಬಿದ್ದೈತೆ. ಅಡ್ಗೆಮನೆಯಿಂದ ಬಚ್ಚಲಿಗೆ ಪಾತ್ರೇಲಿ ಹೊತ್ಕೊಂಡು ಹೋಗ್ತಿದ್ರಂತೆ. ನಾನೇ ಆಟೋದಲ್ಲಿ ಆಸ್ಪತ್ರೆಗೆ ಬಿಟ್ಟು ಬಂದೆ. ಪಾಪ, ರಮ್ಯಾ ಎಷ್ಟು ಸಲ ಫೋನ್ ಮಾಡೋದು ನಿಮಗೆ?"

ಓಡಿದೆ. ಓಡಿದೆ ಎಂದು ಬರೆದು ನಿಲ್ಲಿಸಿಬಿಡಬಹುದು. ಆದರೆ ಓಡುವ ಮುಂಚೆ ಒಲೆ ಸಣ್ಣಗೆ ಮಾಡಿ, ಬಕೆಟ್ಟಿಗೆ ತಟ್ಟೆ ಮುಚ್ಚಿದೆ.

ನವೆಂಬರ್ 10, ಸೋಮವಾರ

ಅತ್ತೆಗೆ ಸಕ್ಕರೆ ಕಾಯಿಲೆ. ಗಾಯ ಬೇಗ ಮಾಯುವುದಿಲ್ಲ, ಬರಿಗಾಲು ನೆಲಕ್ಕೆ ತಾಗಿಸಬೇಡಿ ಎಂದಿದ್ದಾರೆ ಡಾಕ್ಟರು. ನನ್ನ ಬಕೆಟ್ಟಿಗೆ ಇಳಿಯದ ಸಕ್ಕರೆಯೆಲ್ಲ ಅತ್ತೆಯ ರಕ್ತದಲ್ಲಿದೆ ಎಂಬ ಹಾಸ್ಯವೊಂದು ಆಸ್ಪತ್ರೆಯ ಬೆಂಚಿನ ಮೇಲೆ ಹೊಳೆಯಿತು. ಹೊಳೆದದ್ದಕ್ಕೆ ನಾಚಿಕೆಯಾಯಿತು.

ನಿನ್ನೆ ಆಸ್ಪತ್ರೆಯಿಂದ ಬಂದ ಮೇಲೆ ಮತ್ತೆ ಶೆಡ್ಡಿಗೆ ಹೋಗಿ, ಮುದ್ದೆಯನ್ನು ಪಂಚೆಯಲ್ಲಿ ಕಟ್ಟಿ ಹಿಂಡಿ, ಬಂದ ಕಂದು ನೀರನ್ನು ಕಹಿ ಹೂವು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿ ಕ್ಯಾನಿಗೆ ತುಂಬಿದೆ.

ನವೆಂಬರ್ 12, ಬುಧವಾರ

ಹಂಡೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ ವಾಪಸು ತಂದೆ. ಅತ್ತೆ ಮಂಚದ ಮೇಲೆ ಕಾಲು ಚಾಚಿ ಕೂತು, ಹಂಡೆಯನ್ನು ಮಡಿಲ ಪಕ್ಕ ಇಡಿಸಿಕೊಂಡು, ತಳದ ಮೇಲೆ ಕೈಯಾಡಿಸಿದರು.

"ಬೆಸುಗೆ ಗುರ್ತೇ ಇಲ್ವಲ್ಲ?"

"ಒಳ್ಳೇ ಕೆಲಸಗಾರ ಅತ್ತೆ."

ಅವರು ಹಂಡೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ರಮ್ಯಾಳಿಗೆ ಹೇಳಿದರು, ನನಗಲ್ಲ: "ಬಾಣ್ತಿ ಮನೇಲಿ ಹಂಡೆ ಸೋರಬಾರ್ದು ಕಣವ್ವಾ. ಅದ್ರಿಂದ್ಲೇ ಇದಾಯ್ತು. ನಂಗಾಗಿದ್ದು ಆಗ್ಲಿ, ಮಗೀಗೆ ಏನೂ ಆಗ್ಬಾರ್ದು. ತೊಟ್ಲಿಗೆ ಹಾಕಿದ್ ಮಾರ್ನೆ ದಿನ ಸೋಮವಾರ. ರೇವಣಸಿದ್ದೇಶ್ವರನ ಬೆಟ್ಟ ಬರಿಗಾಲಲ್ಲಿ ಹತ್ತಿ ಬತ್ತೀನಿ ಅಂತ ಹರಕೆ ಕಟ್ಕೊಂಡಿದೀನಿ."

"ಆ ಕಾಲಲ್ಲಾ ಅಮ್ಮಾ?" ಎಂದಳು ರಮ್ಯಾ.

"ಕಾಲು ಯಾರ್ದು? ನಂದು ತಾನೆ."

ಆ ಮೆಟ್ಟಿಲುಗಳನ್ನು ನಾನು ಕಂಡಿದ್ದೇನೆ. ಬಿಸಿಲಿಗೆ ಕಾದ ಬಂಡೆ. ಚೆನ್ನಾಗಿರುವ ಕಾಲಿಗೇ ಬೊಬ್ಬೆ ಬರುತ್ತದೆ. ಹಂಡೆ ಸೋರಿರಲಿಲ್ಲ ಅತ್ತೆ ಎಂಬ ಮೂರು ಪದಗಳಿಂದ ಆ ಹರಕೆ ಬಿದ್ದುಹೋಗುತ್ತದೆ. ಮೂರೇ ಪದ. ತರಗತಿಯಲ್ಲಿ ಒಂದು ಗಂಟೆ ನಿಲ್ಲಿಸದೆ ಮಾತಾಡುವವನು ನಾನು.

ನವೆಂಬರ್ 16, ಭಾನುವಾರ

ಅತ್ತೆ ಏಳುವಂತಿಲ್ಲದ್ದರಿಂದ ಒಲೆ ನನ್ನ ಪಾಲಿಗೆ ಬಂದಿದೆ. ಇದು ತಾತ್ಕಾಲಿಕ. ತೆಂಗಿನ ಮಟ್ಟೆ ಒದ್ದೆಯಿದ್ದರೆ ಕಣ್ಣಿಗೆ ಹೊಗೆ, ಒಣಗಿದ್ದರೆ ಮೀಸೆಗೆ ಬೆಂಕಿ. ರಮ್ಯಾಳ ಬೆನ್ನಿಗೆ ಚೊಂಬುಗಟ್ಟಲೆ ಬಿಸಿನೀರು ಎರೆಯುವುದೂ ನಾನೇ. "ಒಂದೇ ಕಡೆ ಹುಯ್ಬೇಡಿ, ಮೇಲಿಂದ ಕೆಳಕ್ಕೆ ಬನ್ನಿ" ಎನ್ನುತ್ತಾಳೆ. ಧಾನ್ಯಾಭಿಷೇಕದಲ್ಲೂ ಬಿಳಿಯ ಗಡ್ಡದವನು ಅದನ್ನೇ ಹೇಳಿದ್ದ.

ಮಗುವಿಗೆ ನೀರು ಹಾಕುವುದನ್ನು ಅತ್ತೆ ಮಂಚದಿಂದಲೇ ನಿರ್ದೇಶಿಸಿದರು. ಕಾಲು ನೀಡಿ ಕೂತು, ಕಾಲ ಮೇಲೆ ಮಗುವನ್ನು ಬೋರಲು ಮಲಗಿಸಿಕೊಂಡು... "ಅಳಿಯಂದ್ರೇ, ಅದು ಸವತೆಕಾಯಲ್ಲ! ಒಸಿ ಮೆತ್ತಗೆ!" ನೀರು ಬಿದ್ದೊಡನೆ ಅದರ ಅಳು ನಿಂತಿತು. ಹುಬ್ಬು ಗಂಟಿಕ್ಕಿ, ಪರೀಕ್ಷಾ ಮೇಲ್ವಿಚಾರಕರ ಹಾಗೆ ನನ್ನ ಕಡೆ ನೋಡಿತು.

ಇವತ್ತೂ ಹೇಳಲಿಲ್ಲ.

ನವೆಂಬರ್ 20, ಗುರುವಾರ

ಪುಟ್ಟಿಗೆ ಹೊಟ್ಟೆಯುಬ್ಬರ. ಭುಜದ ಮೇಲೆ ಹಾಕಿಕೊಂಡು ಹಿತ್ತಿಲಲ್ಲಿ ಓಡಾಡಿದರೆ ಸುಮ್ಮನಾಗುತ್ತಾಳೆ, ನಿಂತರೆ ಇಲ್ಲ. ಹಸಿವಿನ ಅಳು 'ಲ'ಕಾರದಲ್ಲಿ ಶುರುವಾಗುತ್ತದೆ, ನಿದ್ದೆಯದು 'ಅ'ಕಾರದಲ್ಲಿ. ಕ್ಯಾನಿನ ಕಡೆ ಹೋಗಿ ನೋಡಲು ಆಗಿಲ್ಲ.

ನವೆಂಬರ್ 23, ಭಾನುವಾರ

ಬಾಟಲಿಗೆ ತುಂಬಿದೆ. ಬಣ್ಣ ಹೊಳೆ ನೀರಿನದು. ಕ್ಯಾನು ಈ ದಿನಗಳಲ್ಲಿ ಎರಡೋ ಮೂರೋ ಗುಳ್ಳೆ ಬಿಟ್ಟಿತ್ತು. ಸಾಕು, ಬೀಗುವವರ ಹಾಗೆ ಗುಳುಗುಳು ಅನ್ನಬೇಕಾಗಿಲ್ಲ, ಗಂಭೀರ ಸ್ವಭಾವದ ಬಿಯರು. ದೀಪುವಿಗೆ ಫೋನಿನಲ್ಲಿ ಹೇಳಿದೆ: ಅಳಿಯನ ಹೆಸರು ನಿಮ್ಮ ವಂಶದಲ್ಲಿ ಅಳಿಯದ ಹಾಗೆ ಮಾಡಿದ್ದೇನೆ, ಬಾ. "ಅಳೀಬೇಕಾಗಿರೋದು ನನ್ ಹೊಟ್ಟೆ ತಾನೆ ಬಾವ?" ಅಂದ.

ಸಂಜೆ ಅತ್ತೆಯ ಕಾಲಿನ ಪಟ್ಟಿ ಬದಲಿಸುವುದೂ ನಾನೇ ಆಗಿದ್ದೇನೆ. ಹಿಮ್ಮಡಿಯ ಪಕ್ಕ ಇನ್ನೂ ಹಸಿ ಇದೆ. ಔಷಧಿ ತಾಗಿದಾಗ ಅವರು ಹಲ್ಲು ಕಚ್ಚಿ, ನನ್ನ ತಲೆ ನೇವರಿಸಿ ಅಂದರು: "ಹೆತ್ತ ಮಗನೂ ಹಿಂಗೆ ನೋಡ್ಕೊಳಾಕಿಲ್ಲ ಅಳಿಯಂದ್ರೇ." ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಕ್ಷಣವಿರಲಿಲ್ಲ. "ಬೆಟ್ಟಕ್ಕೆ ಹೋಗ್ಬೇಡಿ ಅತ್ತೆ" ಅಂದೆ. "ಹರಕೆ ಮುರೀಬಾರ್ದು ಕಣಪ್ಪಾ" ಎಂದರು. ಪಟ್ಟಿ ಕಟ್ಟಿ ಎದ್ದೆ.

ನವೆಂಬರ್ 28, ಶುಕ್ರವಾರ

ನಿರ್ಧಾರವಾಗಿದೆ. ಭಾನುವಾರ, ತೊಟ್ಟಿಲ ಶಾಸ್ತ್ರದಲ್ಲಿ, ನೆಂಟರೆಲ್ಲರ ಮುಂದೆ ಹೇಳುತ್ತೇನೆ. ಬರಿಹೊಟ್ಟೆಯಲ್ಲಿ ಆಗದ ಮಾತು. ಅದಕ್ಕೆಂದೇ ಒಂದು ದೊಡ್ಡ ಬಾಟಲಿ ತೆಗೆದಿಟ್ಟಿದ್ದೇನೆ. ನನ್ನಂಥ ನಿಂಬೆ ಸೋಡಾ ಮನುಷ್ಯನಿಗೆ ಒಂದೇ ಬಾಟಲಿ ಸಾಕು, ನಾಲಿಗೆಯ ಬೀಗ ಬಿಚ್ಚಿಕೊಳ್ಳುತ್ತದೆ.

ನವೆಂಬರ್ 30, ಭಾನುವಾರ

ಹೇಳಿದೆ! ಗಂಡಸಿನ ಹಾಗೆ ಹೇಳಿದೆ!

ಬೆಳಗ್ಗೆ ಪುಟ್ಟಿಗೆ ನೀರು ಹಾಕಿ, ಹೊಗೆ ಹಿಡಿಸಿ, ರಮ್ಯಾಳ ಕೈಗೆ ಕೊಟ್ಟು, ತಾರಸಿಯ ನೀರಿನ ಟ್ಯಾಂಕಿನ ಹಿಂದೆ ಕೂತು ಬಾಟಲಿ ಎತ್ತಿದೆ. ಹುಳಿ, ಮೇಲೆ ಒಂದಿಷ್ಟು ಕಹಿ. ಕಣ್ಣು ಮುಚ್ಚಿ ಪೂರ್ತಿ ಇಳಿಸಿದೆ. ಎದ್ದು ನಿಂತಾಗ ತಲೆ ಗಿರ್ರೆಂದಿತು. ಮೆಟ್ಟಿಲಲ್ಲಿ ಕಾಲು ತೊಡರಿ, ಗೋಡೆ ಹಿಡಿದು, ಓಲಾಡುತ್ತ ಇಳಿದೆ. ಹೆಂಗಸರು ತೊಟ್ಟಿಲ ಸುತ್ತ ನಿಂತು ಹಾಡುತ್ತಿದ್ದರು. ಮಗುವಿಗೆ ಧನ್ಯಾ ಎಂದು ಹೆಸರಿಟ್ಟದ್ದಾಗಿತ್ತು. ಅತ್ತೆ ಕುರ್ಚಿಯ ಮೇಲೆ ಕಾಲು ಚಾಚಿ ಕೂತಿದ್ದರು. ನಾನು ನಡುವೆ ನುಗ್ಗಿ ದೊಪ್ಪನೆ ಕೂತು ಕಾಲು ಹಿಡಿದುಕೊಂಡೆ.

"ಅಯ್ಯಯ್ಯೋ, ಬುಡೀಪ್ಪಾ! ಸುಟ್ಟ ಕಾಲು!"

ಇನ್ನೊಂದು ಕಾಲು ಹಿಡಿದೆ. "ಹಂಡೆ ಸೋರಿರಲಿಲ್ಲ ಅತ್ತೆ. ನಾನೇ ಕದ್ದದ್ದು. ಬಿಯರ್ ಮಾಡೋಕೆ. ಶೆಡ್ಡಲ್ಲಿ. ನೀವು ನೀರು ಹೊತ್ತಿದ್ದು ನನ್ನಿಂದ. ಫೋನ್ ಬಂದಾಗ ಬೋರಲು ಹಾಕಿದ್ದೂ ನಾನೇ." ತೊದಲಿದೆ, ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ, ಮೂಗು ಸುರಿಯಿತು. ಹಾಡು ನಿಂತಿತು. ಹಿಂದೆ ಯಾರೋ, "ಮೇಷ್ಟ್ರು ಸರಿಯಾಗ್ ಏರಿಸ್ಬುಟ್ಟವ್ರೆ ಕಣ್ಲಾ" ಎಂದು ಕಿಸಕ್ಕೆಂದರು.

ಅತ್ತೆ ಕೇಳಿದ್ದು ಒಂದೇ. "ಸೋರ್ಲೇ ಇಲ್ವಾ?"

"ಒಂದು ತೊಟ್ಟೂ ಇಲ್ಲ."

ಅವರು ಕುಂಟುತ್ತ ಎದ್ದು ಹಿತ್ತಿಲಿಗೆ ಹೋದರು. ಹಂಡೆಯ ಹೊಟ್ಟೆಯ ಮೇಲೆ ಅಂಗೈಯಿಟ್ಟು ನಿಂತಿದ್ದನ್ನು ಬಾಗಿಲಿಂದ ಕಂಡೆ. ಬಂದು, ನನ್ನ ಕಡೆ ನೋಡದೆ, ತೊಟ್ಟಿಲಿನ ಮಗುವಿಗೆ ಹೇಳಿದರು: "ನಿಮ್ಮಪ್ಪಂಗೆ ಹೇಳವ್ವಾ, ದೇವ್ರಿಗೆ ಕಟ್ಕೊಂಡ ಹರಕೆ ಸುಮ್ನೆ ಹೋಗ್ಬಾರ್ದು. ನಾಳೆ ಬೆಟ್ಟ ಅವ್ರೇ ಹತ್ಲಿ. ಬರಿಗಾಲಲ್ಲಿ."

ಮತೀನ್ ಊಟಕ್ಕೆ ಬಂದಿದ್ದ. ನನ್ನ ಶೆಡ್ಡಲ್ಲಿ ಶರಾಬು ಮಾಡಿದ್ರಾ ಸಾರ್ ಎಂದು ಮೆಲ್ಲಗೆ ಕೇಳಿ, ಉತ್ತರಕ್ಕೆ ಕಾಯದೆ ಎದ್ದುಹೋದ. ಎಲೆ ಹಾಗೇ ಇತ್ತು.

ಅದು ಬಿಟ್ಟರೆ, ಎಂಥ ಬಿಯರು! ಒಂದೇ ಬಾಟಲಿಗೆ ಹುಟ್ಟು ಪುಕ್ಕಲನನ್ನು ಸತ್ಯಸಂಧನನ್ನಾಗಿ ಮಾಡಿತು. ಉಳಿದ ಬಾಟಲಿಗಳನ್ನು ದೀಪು ಅತ್ತೆಯ ಕಣ್ಣು ತಪ್ಪಿಸಿ ಬೈಕಿನ ಬಾಕ್ಸಿಗೆ ಸೇರಿಸಿದ.

ಡಿಸೆಂಬರ್ 1, ಸೋಮವಾರ

ಬೆಟ್ಟ ಹತ್ತಿ ಇಳಿದೆ. ಎರಡೂ ಅಂಗಾಲಿಗೆ ಬೊಬ್ಬೆ. ಅತ್ತೆಯ ಔಷಧಿ ಟ್ಯೂಬನ್ನು ಯಾರೋ ನನ್ನ ದಿಂಬಿನ ಪಕ್ಕ ಇಟ್ಟಿದ್ದಾರೆ. ಅತ್ತೆ ಇನ್ನೂ ಮಗುವಿನ ಮೂಲಕವೇ ಮಾತಾಡುತ್ತಿದ್ದಾರೆ.

ರಮ್ಯಾ ನಿನ್ನೆಯಿಂದ ಮಾತಾಡಿರಲಿಲ್ಲ. ಇವತ್ತು ಪುಟ್ಟಿಗೆ ಹಾಲು ಕುಡಿಸುತ್ತ, ಗೋಡೆ ನೋಡುತ್ತ ಹೇಳಿದಳು: "ಕುಡ್ದಾಗ ಎಲ್ಲಾ ಗಂಡಸ್ರೂ ಕಾಲು ಹಿಡೀತಾರೆ. ನಮ್ಮ ಅಪ್ಪನೂ ಹಿಡೀತಿದ್ರು. ಬೆಳಗಾದ್ರೆ ಮುಗೀತು. ನೀವು ಕುಡೀದೆ ಹೇಳಿದ್ದಿದ್ರೆ... ಹೋಗ್ಲಿ ಬಿಡಿ."

ಕುಡಿಯದೆ ಹೇಳುವ ತಾಕತ್ತು ನನಗಿಲ್ಲವೆಂದು ಅವಳಿಗೂ ಗೊತ್ತು, ನನಗೂ ಗೊತ್ತು.

ಡಿಸೆಂಬರ್ 2, ಮಂಗಳವಾರ

ಪುಟ್ಟಿಗೆ ನೀರು ಹಾಕಿ, ರಮ್ಯಾಳಿಗೆ ಎರೆದು, ಒಲೆಯ ಪಕ್ಕ ಕೂತು ಬರೆಯುತ್ತಿದ್ದೇನೆ. ಈಗಷ್ಟೇ ದೀಪು ಫೋನು ಮಾಡಿದ್ದ.

ನಿನ್ನೆ ಎರಡನೇ ಪಾಳಿಗೆ ಹೋಗುವ ಮುಂಚೆ ತಡೆಯಲಾರದೆ ಒಂದು ಬಾಟಲಿ ಬಿಚ್ಚಿದನಂತೆ. ಏನೂ ಅನ್ನಿಸಲಿಲ್ಲವೆಂದು ಇನ್ನೊಂದು. ಹಾಗೇ ಇದ್ದಷ್ಟೂ ಮುಗಿಸಿದ ಮೇಲೆ ನೆನಪಾಯಿತಂತೆ, ಕಾರ್ಖಾನೆಯ ಗೇಟಿನಲ್ಲಿ ಎಲ್ಲರನ್ನೂ ಮೆಷೀನಿಗೆ ಊದಿಸಿಯೇ ಒಳಗೆ ಬಿಡುವುದು.

"ಕೆಲ್ಸ ಹೋಯ್ತು ಅಂತ ಬೆವತೋಗ್ಬುಟ್ಟೆ ಬಾವ. ದೇವ್ರು ದೇವ್ರು ಅಂತ ಊದ್ದೆ. ಏನ್ ಬಂತು ಗೊತ್ತಾ?"

"ಎಷ್ಟು?"

"ಸೊನ್ನೆ! ಸೆಕ್ಯೂರಿಟಿಯವ್ನು ಇನ್ನೊಂದ್ ಸಲ ಊದು ಅಂದ. ಮತ್ತೂ ಸೊನ್ನೆ! ಬಾವ, ಅದು ಬಿಯರಲ್ಲ, ಅಂಬ್ಲಿ. ಕುದಿಯೋ ನೀರ್ ಹುಯ್ದು ಮುದ್ದೆ ಆಯ್ತು ಅಂತ ನೀವೇ ಹೇಳಿದ್ರಲ್ಲ, ಅದ್ರಲ್ಲಿ ಸಿಹೀನೇ ಇಳ್ದಿಲ್ಲ, ಇನ್ನು ಕಿಕ್ ಎಲ್ಲಿಂದ ಬತ್ತದೆ?" ಆಮೇಲೆ, "ಅಲ್ಲಾ ಬಾವ, ಹಂಗಾದ್ರೆ ಮೊನ್ನೆ ನೀವು..." ಅಂದ. ಸಿಗ್ನಲ್ ಸರಿಯಿಲ್ಲ ಎಂದು ಇಟ್ಟುಬಿಟ್ಟೆ.

ಮತೀನನಿಗೆ ಹೇಳಬೇಕು, ಅವನ ಶೆಡ್ಡಿನಲ್ಲಿ ಶರಾಬು ಹುಟ್ಟಲಿಲ್ಲವೆಂದು. ಅದು ಸುಲಭ. ಒಳಗೆ ರಮ್ಯಾ ಇದ್ದಾಳೆ. ಅವಳಿಗೆ ಹೇಳುವುದು ಕಷ್ಟ. ಹೇಳಿದರೆ ಅವಳು ತಿರುಗಿ ಕೇಳುತ್ತಾಳೆ: ಹಾಗಾದರೆ ಮೆಟ್ಟಿಲಲ್ಲಿ ಓಲಾಡಿದ್ದು? ತೊದಲಿದ್ದು? ನೆಂಟರೆದುರು ಮೂಗು ಸುರಿಸಿಕೊಂಡು ಅತ್ತದ್ದು?

ಎಲ್ಲ ನಾನೇ. ಒಂದು ಬಾಟಲಿ ರಾಗಿ ಅಂಬಲಿ ಕುಡಿದು.